ದುಂಡು ಹಲ್ಲು, ಚಪ್ಪಟೆ ಹಲ್ಲು

ಬಿಸಿ ಎಣ್ಣೆಯ ಪೈಪು ಸೋರಿದ್ದು ಬೆಳಗ್ಗೆ ಹತ್ತೂವರೆಗೆ. ಅಲ್ಲಿ ಯಾರೂ ನಿಂತಿರಲಿಲ್ಲ. ಎದುರು ಗೋಡೆಯ ಬಣ್ಣ ಮಾತ್ರ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಕೆಳಗಿಳಿದಿತ್ತು. ಹೋಗಿ ನೋಡಿ ಬಂದೆ. ಏನೂ ಅನ್ನಿಸಲಿಲ್ಲ. ಹಸಿವಾಗಿದೆ ಎಂದು ಗೊತ್ತಾಯಿತು, ಅಷ್ಟೆ.

ಸೋರಿದ್ದು ಒಂದು ರೆಡ್ಯೂಸರಿನ ಬಳಿ. ಹೆಬ್ಬೆರಳುದ್ದದ ಉಕ್ಕಿನ ತುಂಡು. ಒಂದು ತುದಿ ಮುಕ್ಕಾಲು ಇಂಚು, ಇನ್ನೊಂದು ಅರ್ಧ ಇಂಚು, ಎರಡಕ್ಕೂ ಹೊರಗಡೆ ಥ್ರೆಡ್, ಅಂದರೆ ತಿರುಪಿನ ಹಲ್ಲು. ದಪ್ಪ ಪೈಪಿಗೂ ಸಣ್ಣ ಪೈಪಿಗೂ ನೆಂಟಸ್ತನ ಕುದುರಿಸುವ ಸಾಮಾನು. ಅದನ್ನು ಜೋಡಿಸಿದವರು ನನ್ನ ದೊಡ್ಡಪ್ಪ. ಪರೀಕ್ಷೆ ಆಗಿದೆಯೆಂದು ಹಸಿರು ಬಣ್ಣ ಹಚ್ಚಿ ಕಳಿಸಿದವಳು ನಾನು.

ಈ ಥ್ರೆಡ್ಡಿನಲ್ಲಿ ಎರಡು ಜಾತಿ. ಒಂದರ ಹಲ್ಲು ದುಂಡು, ಇನ್ನೊಂದರದು ಚಪ್ಪಟೆ; ನಮ್ಮ ಪೈಪುಗಳಿಗೆ ಬೇಕಾದದ್ದು ದುಂಡು. ಬೇರೆ ಅಳತೆಗಳಲ್ಲಿ ಒಂದಕ್ಕೊಂದು ಕೂಡದೆ ಜಗಳ ತೆಗೆಯುತ್ತವೆ. ಅರ್ಧ, ಮುಕ್ಕಾಲು ಇಂಚಿನಲ್ಲಿ ಮಾತ್ರ ಎರಡಕ್ಕೂ ಇಂಚಿಗೆ ಹದಿನಾಲ್ಕೇ ಹಲ್ಲು. ಹಾಗಾಗಿ ತಪ್ಪು ತುಂಡು ಹೊಸ ಸೊಸೆಯ ಹಾಗೆ ಸದ್ದಿಲ್ಲದೆ ಒಳಗೆ ಬರುತ್ತದೆ, ಟೇಪು ಸುತ್ತಿದರೆ ನೀರಿನ ಪರೀಕ್ಷೆಯಲ್ಲೂ ಪಾಸಾಗುತ್ತದೆ, ಎಂದೋ ಒಂದು ದಿನ ಬಿಸಿ ಎಣ್ಣೆಗೆ ಬಾಯಿ ಬಿಡುತ್ತದೆ. ಅಜ್ಜಿಯ ಕಥೆಯಲ್ಲಿ ರಾಜಕುಮಾರಿಯ ವೇಷದಲ್ಲಿ ಅಂತಃಪುರ ಹೊಕ್ಕ ರಾಕ್ಷಸಿಯೂ ವರ್ಷಗಟ್ಟಲೆ ಯಾರಿಗೂ ಗೊತ್ತಾಗದೆ ಉಂಡು ಮಲಗಿ ಇರುತ್ತಿದ್ದಳು.

ಹಲ್ಲಿನ ಆಕಾರ ಅಳೆಯುವ ಗೇಜು ಹಾಕಿದ್ದರೆ ಗೊತ್ತಾಗುತ್ತಿತ್ತು. ನಾನು ಹಾಕಿರಲಿಲ್ಲ. ದೊಡ್ಡಪ್ಪನ ಕೈಗೆ ಹೋಗುವ ಸಾಮಾನಿಗೆ ನಮ್ಮ ತಪಾಸಣೆ ಕೋಣೆಯಲ್ಲಿ ಯಾರೂ ಗೇಜು ಹಾಕುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅವರ ಹೆಸರೇ ‘ಮೂರು ಸುತ್ತು’. ಬರಿಗೈಯಲ್ಲಿ ಮೂರು ಸುತ್ತು ತಿರುಗಿಸಿ ನೋಡದೆ ಸ್ಪ್ಯಾನರ್ ಮುಟ್ಟಿದವರಲ್ಲ. ತಪ್ಪು ತುಂಡಾದರೆ ಅಷ್ಟರೊಳಗೆ ಬೆರಳಿಗೇ ತಿಳಿದು, ಬಿಚ್ಚಿ ತಂದು, ಇದನ್ನು ನಿಮ್ಮ ಮದುವೆಗೆ ಉಡುಗೊರೆ ಇಟ್ಟುಕೊಳ್ಳಿ ಎಂದು ನಮ್ಮ ಮೇಜಿನ ಮೇಲೆ ಕುಕ್ಕುತ್ತಿದ್ದರು.

ವಿಚಾರಣೆಗೆ ಮೊದಲು ಅವರನ್ನು ಕೈತೊಳೆಯುವ ಜಾಗದಲ್ಲಿ ಹಿಡಿದೆ.

“ದೊಡ್ಡಪ್ಪಾ, ಸೋರಿದ ತುಂಡು ಈಗ ನೋಡ್ದೆ, ಅದು ಚಪ್ಪಟೆದು. ನಾನು ಗೇಜ್ ಹಾಕಿರ್ಲಿಲ್ಲ.”

“ಗೊತ್ತು. ಬಿಗಿ ಮಾಡಿದ್ದು ಸಾಲ್ಲಿಲ್ಲ ಅಂತ ನಾನು ಹೇಳ್ತೀನಿ. ನೀನು ಬಾಯಿ ಮುಚ್ಕೊಂಡಿರು.”

“ನಿಮ್ಮ ಕೈಗೆ ಗೊತ್ತಾಗ್ಲಿಲ್ವಾ?”

ಯಾರೋ ಬಿಟ್ಟುಹೋದ ಕೈಚೀಲವನ್ನು ನೋಡುವಂತೆ ಅವರು ತಮ್ಮ ಕೈ ನೋಡಿಕೊಂಡರು. “ಬೆರಳ ತುದಿ ಜೋಮು ಹಿಡಿದು ಎರಡು ವರ್ಷ ಆಯ್ತು ಕಣೇ. ನಿಮ್ಮ ದೊಡ್ಡಮ್ಮನಿಗೂ ಹೇಳಿಲ್ಲ. ಕೆಲಸ ಬಿಡಿಸಿಬಿಡ್ತಾರೆ.”

ಎರಡು ವರ್ಷ. ತಪ್ಪು ತುಂಡು ಕೊನೆಯ ಸಲ ನಮ್ಮ ಮೇಜಿಗೆ ವಾಪಸು ಬಂದದ್ದು ಯಾವಾಗ ಎಂದು ಲೆಕ್ಕ ಹಾಕಿದೆ. ಅದಕ್ಕೂ ಅಷ್ಟೇ ಆಗಿತ್ತು. ಸಾಮಾನು ಕಳಿಸುವವರು ಸುಧಾರಿಸಿದ್ದಾರೆ ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು.

ವಿಚಾರಣೆ ಬೇಗ ಮುಗಿಯುವುದರಲ್ಲಿತ್ತು. ದೊಡ್ಡಪ್ಪ ಅಂದುಕೊಂಡ ಹಾಗೇ ಹೇಳಿದರು. ಮೇಸ್ತ್ರಿ, ಮೂರು ಸುತ್ತಿಗೂ ವಯಸ್ಸಾಯಿತು, ಇನ್ನು ಎರಡೂವರೆ ಎನ್ನಬೇಕು ಎಂದು ತಮಾಷೆ ಮಾಡಿದ. ಎಂಜಿನಿಯರಮ್ಮನೂ ನಕ್ಕು ಎಚ್ಚರಿಕೆಯ ಪತ್ರ ಬರೆಯತೊಡಗಿದಳು. ಇಂದೇ ಸಂಜೆ ಎಣ್ಣೆ ಬಿಡಬಹುದೇ ಎಂದು ಮೇಸ್ತ್ರಿ ಕೇಳಿದ. ಬಿಡಿ, ಎಂದಳು.

ಎದ್ದು ನಿಂತೆ.

“ಎಣ್ಣೆ ಬಿಡಬೇಡಿ. ಅವರು ಬಿಗಿ ಮಾಡಿದ್ದು ಸರಿಯಾಗೇ ಇದೆ, ತುಂಡೇ ತಪ್ಪು. ನಾನು ಗೇಜ್ ಹಾಕಿಲ್ಲ. ಅವರ ಬೆರಳಿಗೆ ಎರಡು ವರ್ಷದಿಂದ ಏನೂ ಗೊತ್ತಾಗ್ತಿಲ್ಲ. ಅಂಥವು ಇನ್ನೂ ಎಷ್ಟಿವೆಯೋ.”

ಎಂಜಿನಿಯರಮ್ಮ ಪೆನ್ನಿನ ಮುಚ್ಚಳ ಹಾಕಿದಳು. ದೊಡ್ಡಪ್ಪ ಕಿಟಕಿಯಾಚೆ ನೋಡುತ್ತಿದ್ದರು. ಆಚೆ ಇದ್ದದ್ದು ಇನ್ನೊಂದು ಗೋಡೆ.

ಅವರನ್ನು ಕೆಲಸದಿಂದ ತೆಗೆಯುವುದೆಂದು ಆಗಲೇ ತೀರ್ಮಾನವಾಯಿತು. ನನ್ನದು ಆಮೇಲೆ ಎಂದರು. ಆದರೆ ಎರಡು ವರ್ಷದಲ್ಲಿ ಯಾವ ಯಾವ ಜಾಗದಲ್ಲಿ ರೆಡ್ಯೂಸರ್ ಕೂರಿಸಿದೆ ಎಂಬುದು ಅವರೊಬ್ಬರಿಗೇ ನೆನಪಿದ್ದುದರಿಂದ, ಪೈಪಿನ ಸಾಲಿನ ಕೆಳಗೆ ನಮ್ಮಿಬ್ಬರನ್ನೇ ಕಳಿಸಿದರು. ಅವರು ಬಿಚ್ಚಿ ಕೊಡುತ್ತಿದ್ದರು, ನಾನು ಗೇಜು ಹಿಡಿದು ನೋಡುತ್ತಿದ್ದೆ. ಮೊದಲ ಹನ್ನೊಂದು ಸರಿಯಿದ್ದವು. ಹನ್ನೆರಡನೆಯದರ ಹಲ್ಲಿಗೂ ಗೇಜಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ಅದರ ಪಕ್ಕದಲ್ಲೇ ದಿನಾ ನಾಲ್ಕು ಜನ ಕೂತು ಊಟ ಮಾಡುವ ಬೆಂಚು.

“ಇನ್ನೊಂದ್ಸಲ ನೋಡು,” ಎಂದರು ದೊಡ್ಡಪ್ಪ.

ನೋಡಿದೆ. ಚಪ್ಪಟೆಯೇ. ಅವರು ಅದನ್ನು ಬೇರೆ ಡಬ್ಬಿಗೆ ಹಾಕಿ, ಮುಂದಿನದಕ್ಕೆ ಸ್ಪ್ಯಾನರ್ ಹಾಕಿದರು.