ಗೋಡೆಯೊಳಗಿನ ಲಸಿಕೆ ಕಾರ್ಡು

ನಮ್ಮ ಆರೋಗ್ಯ ಕಚೇರಿಯ ಹೊಸ ಕಟ್ಟಡಕ್ಕೆ ನಾಡಿದ್ದು ಉದ್ಘಾಟನೆ. ಅದನ್ನು ಕಟ್ಟಿದವರ ಶೆಡ್ಡುಗಳಲ್ಲಿ ದಡಾರ ಎದ್ದಿತ್ತು. ಸಾಹೇಬರು ಹೊಸ ಕಟ್ಟಡದ ತಮ್ಮ ಕೋಣೆಯಲ್ಲಿ ಆಗಲೇ ಕೂತು ಕಿಟಕಿ ಪರದೆಗೆ ಬಣ್ಣ ಆರಿಸುತ್ತಿದ್ದರು. ನಾನು ಸೂಜಿ ಹಾಕುವ ನರ್ಸು. ನನ್ನ ಅಭಿಪ್ರಾಯ ಅಲ್ಲಿ ಯಾರೂ ಕೇಳುವುದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಬೆಳಿಗ್ಗೆ ಗಾರೆಯವನ ಹೆಂಡತಿ ಒಂದೂವರೆ ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ದಡಾರದ ಎರಡನೇ ಸೂಜಿ ಬಾಕಿಯಿತ್ತು. ಕೆಲಸ ಮುಗಿದಿದ್ದರಿಂದ ಮಧ್ಯಾಹ್ನದ ಲಾರಿಯಲ್ಲಿ ಅವರೆಲ್ಲ ಬೇರೆ ಊರಿಗೆ ಹೊರಡುವವರು. ಪಕ್ಕದ ಶೆಡ್ಡಿನ ಮಗು ಆಗಲೇ ಆಸ್ಪತ್ರೆ ಸೇರಿತ್ತು. ಈ ಮಗುವನ್ನು ಹಾಗೇ ಲಾರಿ ಹತ್ತಿಸಲು ನನಗೆ ಭಯವಾಗುತ್ತಿತ್ತು.

"ಕಾರ್ಡೆಲ್ಲಿ?" ಎಂದರು ಸಾಹೇಬರು. "ಕಾರ್ಡಿಲ್ದೆ ಸೂಜಿ ಇಲ್ಲ."

ಕಾರ್ಡಿಲ್ಲದಿದ್ದರೂ ಹಾಕಬಹುದೆಂದು ನಿಯಮವೇ ಇದೆ. ಆದರೆ ನಮ್ಮ ಸಾಹೇಬರು ನಿಯಮ ಜಾರಿ ಮಾಡುತ್ತಾರೆ, ಓದುವುದಿಲ್ಲ.

"ಇಲ್ಲೇ ಇದೆ ಸಾರ್," ಎಂದಳು ಆಕೆ. "ಶೆಡ್ಡು ಸೋರ್ತಿತ್ತು. ನೆನೀಬಾರ್ದು ಅಂತ ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಲ್ಲೇ ಇಟ್ಟಿಗೆ ಸಂದೀಲಿ ಇಟ್ಟಿದ್ದೆ. ನಮ್ಮನೆಯವ್ರು ನೋಡ್ದೆ ಪ್ಲಾಸ್ಟರ್ ಮಾಡ್ಬಿಟ್ರು."

"ಯಾವ ಗೋಡೆ?"

ಬಾಗಿಲಲ್ಲಿ ನಿಂತಿದ್ದ ಗಾರೆಯವನು ಸಾಹೇಬರ ಕುರ್ಚಿಯ ಹಿಂದಕ್ಕೆ ಕೈ ತೋರಿಸಿದ. ಅಲ್ಲಿ ಹೊಸ ಬಣ್ಣದ ಮೇಲೆ 'ಪ್ರತಿ ಮಗುವೂ ನಮ್ಮದೇ' ಎಂಬ ಫಲಕವೂ ಅದಕ್ಕಿಂತ ದೊಡ್ಡದಾಗಿ ಸಾಹೇಬರ ಫೋಟೋವೂ ತೂಗುತ್ತಿದ್ದವು.

"ಒಡ್ದು ತೆಕ್ಕೊಡ್ತೀನಿ ಸಾರ್, ಅರ್ಧ ಗಂಟೆ ಸಾಕು," ಎಂದು ಚೀಲದಿಂದ ಸುತ್ತಿಗೆ, ಉಳಿ ತೆಗೆದ.

ಸಾಹೇಬರಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ಕಾರ್ಡಿಲ್ಲ ಅನ್ನುವಂತಿಲ್ಲ, ಅದು ಬೆನ್ನ ಹಿಂದೆಯೇ ಇದೆ. ತೋರಿಸಿ ಅನ್ನುವಂತಿಲ್ಲ, ನಾಡಿದ್ದು ಮಂತ್ರಿಗಳು ಬರುತ್ತಾರೆ.

ನಾನು ಮೆಲ್ಲಗೆ ಹೇಳಿದೆ: "ಸಾರ್, ಕಾರ್ಡು ಕಚೇರಿ ವಶದಲ್ಲಿದೆ ಅಂತ ಬರೀಬಹುದಲ್ವಾ? ಸುಳ್ಳಂತೂ ಅಲ್ಲ."

ಅವರು ಬರೆದರು, ಸಹಿ ಹಾಕಿ ಮೊಹರನ್ನೂ ಒತ್ತಿದರು. ಮನಸ್ಸು ಬದಲಾಗುವ ಮೊದಲೇ ನಾನು ಸೂಜಿ ಹಾಕಿದೆ. ಮಗು ಪರದೆಗಳೆಲ್ಲ ಅಲುಗುವ ಹಾಗೆ ಅತ್ತಿತು. ಅಂಥ ಚೆಂದದ ಅಳುವನ್ನು ನಾನು ಕೇಳಿ ಬಹಳ ದಿನವಾಗಿತ್ತು.

ಹೊರಗೆ ಹೊಸ ಕಾರ್ಡು ಬರೆದುಕೊಡುತ್ತ ಗಾರೆಯವನನ್ನು ಕೇಳಿದೆ: "ಅಲ್ಲಪ್ಪ, ಹೋಗಿ ಹೋಗಿ ಸಾಹೇಬ್ರ ಬೆನ್ನಿಗೇ ಸಿಕ್ಕಿಸಿದ್ರಾ?"

ಅವನು ಹೆಂಡತಿಯ ಮುಖ ನೋಡಿದ.

"ಎಲ್ಲಿದ್ಯೋ ಯಾರಿಗ್ಗೊತ್ತು ಸಿಸ್ಟರ್. ನಲವತ್ತು ಗೋಡೆ ಪ್ಲಾಸ್ಟರ್ ಮಾಡಿದೀನಿ, ಮೇಲೆ ಎಲ್ಲ ಒಂದೇ ತರ ಕಾಣ್ತವೆ. ಅವ್ರಿಗೆ ನೋಯೋ ಗೋಡೆ ಅದೊಂದೇ ಅನ್ನಿಸ್ತು."