ನಲವತ್ತು ಅಡಿಯ ಗಾಳಿ

ಸಾವಿರದ ಒಂಬೈನೂರ ಐವತ್ಮೂರರ ಸುಗ್ಗಿಯಲ್ಲಿ ನನ್ನನ್ನು ಸರ್ಕಾರಿ ಕಚೇರಿಯಿಂದ ಗಾಳಿ ಅಳೆಯಲು ಕಳಿಸಿದರು. ಕೊಳ್ಳೇಗಾಲದ ನೇಯ್ಗೆಯವರ ಮಗ ನಾನು. ಮಗ್ಗದ ಮನೆಯಲ್ಲಿ ಗಾಳಿಯೆಂದರೆ ಎಳೆ ಕೆದರುವ ಪೀಡೆ, ಅಷ್ಟೇ. ಅಂಥವನ ಕೈಗೆ ನಲವತ್ತು ಅಡಿಯ ಕಬ್ಬಿಣದ ಕಂಬ, ಗಾಳಿಗೆ ಗಿರಗಿರ ತಿರುಗುವ ಬಟ್ಟಲುಗಳ ಎರಡು ಮೀಟರು, ಒಂದು ಫಾರಂ ಕೊಟ್ಟು ಮಾರ್ಟಳ್ಳಿ ಕಡೆಯ ಒಂದು ಹಳ್ಳಿಗೆ ಅಟ್ಟಿದರು.

ಆ ಊರಿನ ಬಾವಿ ನೂರಿಪ್ಪತ್ತು ಅಡಿ ಆಳ. ಹೆಂಗಸರು ಹಗ್ಗ ಎಳೆದೇ ನೀರು ಸೇದಬೇಕು. ಚಕ್ರ ತಿರುಗುವ ನಲವತ್ತು ಅಡಿ ಎತ್ತರದಲ್ಲಿ ಗಂಟೆಗೆ ಹತ್ತು ಮೈಲಿ ಗಾಳಿಯಿದ್ದರೆ ನೀರೆತ್ತುವ ಗಾಳಿಯಂತ್ರ ಕೊಡುತ್ತೇವೆ, ಇಲ್ಲದಿದ್ದರೆ ಬೇರೆ ಊರು ನೋಡುತ್ತೇವೆ ಎಂದು ಕಚೇರಿ ಹೇಳಿತ್ತು.

ಊರ ಯಜಮಾನ ಪುಟ್ಟಸಿದ್ದಯ್ಯ ನನ್ನನ್ನು ನೇರ ದಿಬ್ಬದ ಮೇಲಿನ ತನ್ನ ಕಣಕ್ಕೆ ಕರೆದೊಯ್ದ.

"ಇಲ್ಲೇ ನೆಡಿ ಸಾ. ರಾಗಿ ತೂರಕ್ಕೆ ಇಂಥಾ ಗಾಳಿ ಸುತ್ತ ಏಳೂರಲ್ಲಿಲ್ಲ ಕಣ್ರಿ."

"ಬಾವಿ ಕೆಳಗಿನ ಹೊಲದಲ್ಲಿದೆಯಲ್ಲ?"

"ಗಾಳಿ ಸಿಕ್ಕುದ್ ಮ್ಯಾಲೆ ನೀರಿಗೇನು, ಪೈಪು ಎಳುದ್ರಾಯ್ತು."

ಕಂಬ ನಿಲ್ಲಿಸಿದೆ. ಹತ್ತಡಿಗೆ ಒಂದು ಮೀಟರು, ನಲವತ್ತಕ್ಕೆ ಒಂದು. ಎತ್ತರ ಹೋದಷ್ಟೂ ಗಾಳಿ ಜಾಸ್ತಿ ಎಂದು ನನಗೆ ಕಲಿಸಿದ್ದರು. ಹತ್ತಡಿಯ ವೇಗಕ್ಕೆ ಅದರ ಐದನೇ ಒಂದು ಪಾಲು ಸೇರಿಸಿದರೆ ನಲವತ್ತಡಿಯದು ಬರುತ್ತದೆ, ಇದು ಕಚೇರಿಯ ಸೂತ್ರ.

ಐದು ದಿನ ಬರೆದುಕೊಂಡೆ. ಕೆಳಗೆ ಹನ್ನೆರಡು ಮೈಲಿ, ಮೇಲೆ ಒಂಬತ್ತು! ತಲೆ ಕೆಟ್ಟುಹೋಯಿತು. ಮೇಲಿನ ಮೀಟರಿಗೆ ಎಣ್ಣೆ ಬಿಟ್ಟೆ. ಎರಡನ್ನೂ ಅದಲುಬದಲು ಮಾಡಿದೆ. ಆಗಲೂ ಕೆಳಗೆ ಹನ್ನೆರಡು, ಮೇಲೆ ಒಂಬತ್ತು. ಮೀಟರಿಗೂ ಬೈದೆ, ಕಲಿಸಿದವರಿಗೂ ಬೈದೆ.

ಆರನೆಯ ದಿನ ರಾಗಿ ತೂರಲು ಬಂದ ಚಿಕ್ಕನಿಂಗಮ್ಮ ನನ್ನ ಗೊಣಗಾಟ ಕೇಳಿ ಮೊರ ಕೆಳಗಿಟ್ಟು ನಕ್ಕಳು. ಬಾವಿ ಇರುವ ಹೊಲ ಅವಳದೇ.

"ಈ ದಿಬ್ಬದಲ್ಲಿ ಅಂಗೇ ಸಾ. ಗಾಳಿ ಇಳಿಜಾರು ಅತ್ಕಂಡು ಬಂದು ನೆಲದ್ ಮ್ಯಾಲೇ ನುಗ್ತದೆ. ನಿಂತ್ಕಂಡೇ ತೂರ್ಬೇಕು, ಮುಕ್ಕಾಲಿ ಅತ್ತುದ್ರೆ ಸಪ್ಪಗಾಯ್ತದೆ. ನಮ್ ಒಲದಲ್ಲಿ ಕಾಲತ್ರ ಉಸುರೇ ಇಲ್ಲ. ಗಾಡಿ ಮ್ಯಾಲ್ ನಿಂತ್ರೆ ಮೊರನೇ ಕಿತ್ಕಂಡು ಓಯ್ತದೆ."

"ಮೊದಲೇ ಹೇಳಬಾರದಿತ್ತೇನಮ್ಮ?"

"ಯಂತ್ರಕ್ಕೂ ತೂರೋ ಗಾಳೀನೇ ಬೇಕು ಅಂದ್ಕಂಡ್ವಿ. ಅದುಕ್ಕೇ ಒಳ್ಳೇ ಕಣ ಬುಟ್ಕೊಟ್ವಿ."

ನನಗೆ ಕೊಟ್ಟ ಗಡುವಿನಲ್ಲಿ ಉಳಿದದ್ದು ಎರಡೇ ದಿನ. ಎಂಟು ಜನ ಹೆಗಲು ಕೊಟ್ಟು ಕಂಬವನ್ನು ಬಾವಿಯ ಹೊಲಕ್ಕೆ ಇಳಿಸಿದರು. ತನ್ನ ಕಣಕ್ಕೆ ಅವಮಾನವಾಯಿತೆಂದು ಪುಟ್ಟಸಿದ್ದಯ್ಯ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಅಲ್ಲಿ ಕೆಳಗೆ ಆರು ಮೈಲಿ, ಮೇಲೆ ಹನ್ನೊಂದು. ಊರಿಗೆ ಯಂತ್ರ ಬಂದಂತೆಯೇ ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು.

ಆಮೇಲೆ ಫಾರಂ ಬಿಡಿಸಿದೆ. ವೇಗಕ್ಕೆ ಇದ್ದದ್ದು ಒಂದೇ ಕಾಲಂ: ಹತ್ತಡಿಯಲ್ಲಿ ಎಷ್ಟು? ಮೇಲಿನ ಮೀಟರನ್ನು ಪ್ರಯೋಗಕ್ಕೆಂದು ಈ ಸಲ ಹೊಸದಾಗಿ ಕೊಟ್ಟಿದ್ದರು, ಫಾರಂ ಹಳೆಯದು. ನಲವತ್ತಡಿಯದನ್ನು ಕಚೇರಿಯೇ ಸೂತ್ರ ಹಾಕಿ ತೆಗೆಯುತ್ತದೆ. ಜೊತೆಗೆ ಬೇರೆ ಕಾಗದ ಲಗತ್ತಿಸಕೂಡದು ಎಂದು ಫಾರಂನ ತಲೆಯಲ್ಲೇ ಅಚ್ಚಾಗಿತ್ತು. ಹೊಲದ ನಿಜವಾದ ಆರನ್ನು ಬರೆದರೆ ಅವರ ಲೆಕ್ಕದಲ್ಲಿ ಏಳು ಚಿಲ್ಲರೆಯಾಗಿ ಊರು ಫೇಲು. ದಿಬ್ಬದ ನಿಜವಾದ ಹನ್ನೆರಡನ್ನು ಬರೆದರೆ ಹದಿನಾಲ್ಕಾಗಿ ಊರು ಪಾಸು, ಆದರೆ ಯಂತ್ರವನ್ನು ದಿಬ್ಬದ ಮೇಲೆ ನಿಲ್ಲಿಸುತ್ತಾರೆ, ಅಲ್ಲಿ ಅದು ಸರಿಯಾಗಿ ತಿರುಗುವುದಿಲ್ಲ. ಎರಡೂ ನಿಜ, ಎರಡರಿಂದಲೂ ನೀರು ಬರುವುದಿಲ್ಲ. ಸುಳ್ಳು ಅಂಕಿ ಬರೆದದ್ದು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. ಆ ಕಾಲಂ ಖಾಲಿ ಬಿಟ್ಟೆ.

ಹೊಲದ ಒಡತಿಯ ಒಪ್ಪಿಗೆಯೂ ಬೇಕಿತ್ತು. ಅದನ್ನಾದರೂ ಮುಗಿಸೋಣವೆಂದು ಚಿಕ್ಕನಿಂಗಮ್ಮನನ್ನು ಕರೆದು ಅವಳ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿಸಿದೆ. ಬರೀ ಕಪ್ಪು ಬೊಟ್ಟು ಮೂಡಿತು, ಒಂದು ಗೆರೆಯೂ ಇಲ್ಲ. ಮಸಿ ಜಾಸ್ತಿಯಾಯಿತೇನೋ ಎಂದು ಒರೆಸಿ ಮತ್ತೆ ಒತ್ತಿಸಿದೆ. ಹಾಗೆಯೇ ಬಂತು.

"ಗೆರೆ ಎಲ್ಲಿಂದ ಬಂದಾವು ಸಾ? ಅಗ್ಗ ಎಳ್ದೂ ಎಳ್ದೂ ಸವುದೋದ್ವು" ಎಂದು ಸೆರಗಿಗೆ ಬೆರಳು ಒರೆಸಿಕೊಂಡಳು.

ನಾನು ಹೊಲದ ಹೆಸರು ಬರೆದು, ಹತ್ತಡಿಯ ಕಾಲಮಿನಲ್ಲಿ ಮೇಲಿನ ಮೀಟರಿನ ಹನ್ನೊಂದನ್ನು ತುಂಬಿ, ರುಜು ಹಾಕಿದೆ.

"ಸರ್ಯಾಗ್ ಬರುದ್ರಾ ಸಾ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ" ಎಂದೆ.