ಚಂದಪ್ಪನ ಧೋತರ

ಕತೆಗೆ ಹೇಳುವ ಬಾಯಿ ಒಂದಿದ್ದರೆ ಸಾಲದು, ಕೇಳುವ ಬಾಯಿಯೂ ಒಂದು ಬೇಕು. ಗದಗಿನ ಕಡೆಯ ಕಟ್ಟಳೆಯೇ ಹಾಗೆ. ಕೇಳುವವರು ಮಾತು ಮಾತಿಗೂ 'ಹೂಂ' ಅನ್ನುತ್ತಿರಬೇಕು. ಹೂಂ ನಿಂತಿತೋ, ಕತೆ ಕಾಲು ಮುರಿದುಕೊಂಡು ಅಲ್ಲೇ ಕೂರುತ್ತದೆ. ಅಕ್ಕಮ್ಮ ತನ್ನ ಓಣಿಯ ಮಕ್ಕಳಿಂದೆಲ್ಲ ಹೂಂ ಅನ್ನಿಸಿಕೊಂಡ ಹೆಂಗಸು. ಅಂಥವಳಿಗೆ ವಿಶಾಖಪಟ್ಟಣಕ್ಕೆ ಬಂದ ಮೇಲೆ ಸ್ವಂತ ಮೊಮ್ಮಗಳ ಬಾಯಿಂದ ಒಂದು ಹೂಂ ಹುಟ್ಟಲಿಲ್ಲ.

ಮೊಮ್ಮಗಳು ಪದ್ಮಾ, ನಾಲ್ಕು ತುಂಬಿದ ಹುಡುಗಿ. ಅವಳಪ್ಪ, ಎಂದರೆ ಅಕ್ಕಮ್ಮನ ಮಗ ಶಂಕರಪ್ಪ, ನೇವಿಯವನು. ಹಡಗಿನ ಜೊತೆ ಅಂಡಮಾನಿನ ಕಡೆ ಹೋಗಿದ್ದ. ಬಂದರಿನ ಹತ್ತಿರದ ಆ ಬಾಡಿಗೆ ಮನೆಯಲ್ಲಿ ಉಳಿದವಳು ಸೊಸೆ ಸುಮಿತ್ರಾ. ಎದುರು ಬಾಗಿಲಿನವಳು ಕೋಟೇಶ್ವರಮ್ಮ, ವಿಜಯವಾಡದ ಕಡೆಯವಳು. ಪದ್ಮಾ ಬೆಳೆದದ್ದೆಲ್ಲ ಅವಳ ಮಡಿಲಲ್ಲಿ. ಅವಳನ್ನು ಬಾಯ್ತುಂಬ 'ಅಮ್ಮಮ್ಮಾ', ಎಂದರೆ ಅಜ್ಜಿ, ಎನ್ನುತ್ತಿದ್ದಳು. ಸಂಜೆಯಾದರೆ ಕೋಟೇಶ್ವರಮ್ಮನ ತೆಲುಗು ಕತೆ, ಅದಕ್ಕೆ ಪದ್ಮಾಳ 'ಊ… ಊ…' ಗೋಡೆ ದಾಟಿ ಬರುತ್ತಿದ್ದವು. ಅಕ್ಕಮ್ಮನಿಗೆ ಮಾತ್ರ ಒಂದು ಹೆಸರೂ ಇಲ್ಲ. ಅವರ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. 'ಆಯಿ ಅನ್ನು' ಎಂದು ತಾಯಿ ಹೇಳಿದರೆ ಹುಡುಗಿ ಪರದೆಯ ಹಿಂದೆ ಹೋಗಿ ಕಾಲ್ಬೆರಳಷ್ಟೇ ತೋರಿಸುತ್ತಿದ್ದಳು.

"ಆಕಿಗೆ ಕನ್ನಡ ತಿಳೀತೈತ್ರೀ ಅತ್ತಿ. ಮಾತಾಡಾಕ ನಾಚಿಕಿ ಅಷ್ಟ," ಎಂದಳು ಸುಮಿತ್ರಾ.

"ನಾಚಿಕಿ ನನ್ನ ಮುಂದ ಅಷ್ಟ ಏನು? ಎದರಮನ್ಯಾಗ ಪಾರಿವಾಳದಂಗ ಗುಟರ್ ಅಂತಾಳಲ್ಲ." ಅಕ್ಕಮ್ಮ ಎಲೆಯಡಿಕೆಯ ಚೀಲದ ಬಾಯಿ ಬಿಗಿದಳು. "ಹುಣ್ಣಿವಿ ಮುಗದ ಮರುದಿನ ನನ್ನ ರೈಲು. ಒಂದು ಹೂಂ ಅನ್ನಿಸಿಕೊಂಡ ಹೋಗಾಕಿ ನಾನು. ಮನ್ಯಾಗಿನ ಹಳೇ ಅರಿವಿ ಎಲ್ಲಾ ತಗಿ."

ಹಳೆಯ ಬಟ್ಟೆ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವುದು ಅಕ್ಕಮ್ಮನಿಗೆ ಉಸಿರಾಡಿದಷ್ಟು ಸಲೀಸು. ಅಕ್ಷರ ಬಾರದಿದ್ದರೇನು, ಸೂಜಿ ಬರುತ್ತಿತ್ತು. ಈ ಸಲ ಅವಳು ಹೊಲಿಯಲು ಕೂತದ್ದು ಒಂದು ಕತೆಯನ್ನೇ. ಮಗನ ಸವೆದ ಬಿಳಿ ಯೂನಿಫಾರ್ಮು ಕತ್ತರಿಸಿ ದುಂಡಗೆ ಚಂದಪ್ಪನನ್ನು ಮಾಡಿದಳು, ಅವನ ಕೆಳಗೆ ಜೋತು ಬಿದ್ದ ಧೋತರ ಮಾಡಿದಳು. ಹಸಿರು ಖಣದ ಚೂರಿನಲ್ಲಿ ಜಾಲಿಮುಳ್ಳು. ಹರಿದ ಕೊಡೆಯ ಕಪ್ಪು ಬಟ್ಟೆಯಲ್ಲಿ ಆಡು. ಲಂಗದ ಲಾಡಿಯಲ್ಲಿ ಹಗ್ಗ. ಬೂದು ಕಾಲುಚೀಲದಲ್ಲಿ ಇಲಿ. ಹಳದಿ ರವಿಕೆಯಲ್ಲಿ ಜೋಳದ ಕಾಳು.

ಅಷ್ಟರಲ್ಲಿ ಕೋಟೇಶ್ವರಮ್ಮ ಗಂಡನನ್ನು ಕರೆದುಕೊಂಡು ವಿಜಯವಾಡಕ್ಕೆ ಹೊರಟಳು. ಅಲ್ಲಿ ಆಟೋನಗರದಲ್ಲಿ ಮಗನ ಲಾರಿ ರಿಪೇರಿ ಶೆಡ್ಡು. ಅವನ ಕೂಸಿಗೆ ಹೆಸರಿಡುವ ಶಾಸ್ತ್ರ. ಪದ್ಮಾ ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು, ಗಲ್ಲ ಮೊಣಕಾಲಿಗೆ ಆನಿಸಿ ಕೂತಳು. ಅಕ್ಕಮ್ಮ ಅವಳನ್ನು ಕರೆಯಲಿಲ್ಲ. ಕೌದಿಯನ್ನೇ ಹೊಸ್ತಿಲವರೆಗೆ ಹಾಸಿಕೊಂಡು, ಹೊಲಿಯುತ್ತ, ತನ್ನಷ್ಟಕ್ಕೆ ಹೇಳತೊಡಗಿದಳು.

"ಚಂದಪ್ಪ ಆಕಾಶದಾಗ ಹೊಂಟಿದ್ದ. ಧೋತರದ ಚುಂಗು ಜಾಲಿಮುಳ್ಳಿಗೆ ಸಿಕ್ಕೊಂತು. ಬಿಡೋ ಮುಳ್ಳೇ ಅಂದ. ಆಡು ಬಂದು ನನ್ನ ತಿಂದ್ರ ಬಿಡ್ತೀನಿ ಅಂತು. ಆಡು ಅಂತು, ನನ್ನ ಕೊಳ್ಳಾಗ ಹಗ್ಗ ಐತಿ. ಹಗ್ಗ ಅಂತು, ಇಲಿ ಬಂದು ಕಡೀಲಿ. ಇಲಿ ಅಂತು, ಹಸದ ಮಕ್ಕೊಂಡೀನಿ, ಕಾಳು ಕೊಡ್ರಿ. ಕಾಳು ಅಂತು, ಹೊಟ್ಟಿನಾಗ ಹುಗದೀನಿ, ಗಾಳಿ ಬಂದು ತೂರ್ಲಿ. ಗಾಳಿ ಎಲ್ಲೈತಿ? ಗಾಳಿ ಅಂತು, ನಾನು ಕೂಸಿನ ಬಾಯಾಗ ಮಕ್ಕೊಂಡೀನಿ. ಕೂಸು ಹೂಂ ಅಂದ್ರ ಏಳ್ತೀನಿ."

ಆಮೇಲೆ ಬೀಸುಕಲ್ಲು ತಿರುಗಿಸಿದ ಹಾಗೆ ರಾಗವೆಳೆದಳು:

"ಗಾಳಿ ಬೀಸವಲ್ದು, ಕಾಳು ತೋರವಲ್ದು,
ಕಾಳು ತೋರವಲ್ದು, ಇಲಿ ಏಳವಲ್ದು,
ಇಲಿ ಏಳವಲ್ದು, ಹಗ್ಗ ಹರಿಯವಲ್ದು,
ಹಗ್ಗ ಹರಿಯವಲ್ದು, ಆಡು ಮೇಯವಲ್ದು,
ಆಡು ಮೇಯವಲ್ದು, ಮುಳ್ಳು ಬಿಡವಲ್ದು,
ಮುಳ್ಳು ಬಿಡವಲ್ದು, ಚಂದಪ್ಪ ಹೋಗವಲ್ಲ."

ಹೇಳಿ ಕಾದಳು. ಹೂಂ ಬರಲಿಲ್ಲ. ಹುಡುಗಿ ಮಾತ್ರ ಕೂತಲ್ಲೇ ಕುಂಡೆ ಸರಿಸುತ್ತ ಸರಿಸುತ್ತ ಕೌದಿಯ ಅಂಚಿಗೆ ಬಂದಿದ್ದಳು. ಇಲಿಯ ಬಾಲ ಮುಟ್ಟಿದಳು. ಮುಳ್ಳಿನ ಮೇಲೆ ಬೆರಳಿಟ್ಟು, "ಇದೇಂಟಿ?" ಎಂದಳು.

"ಜಾಲಿಮುಳ್ಳವಾ." ಅಕ್ಕಮ್ಮ ತೋರಿಸಲೆಂದು ಕಿಟಕಿಯಾಚೆ ನೋಡಿದಳು. ಅಲ್ಲಿ ಹೊಲವಿಲ್ಲ, ಬದುವಿಲ್ಲ, ಜಾಲಿಯೂ ಇಲ್ಲ. ತಗಡಿನ ಚಾವಣಿಗಳು, ಅವುಗಳಾಚೆ ಬಂದರಿನ ಕ್ರೇನುಗಳು. ತಾನು ಹೊತ್ತು ತಂದ ಕತೆಗೆ ಈ ಊರಿನಲ್ಲಿ ನಿಲ್ಲಲು ನೆಲವಿಲ್ಲವೇನೋ ಅನ್ನಿಸಿ, ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

ಹುಣ್ಣಿಮೆ ಬಂದೇ ಬಿಟ್ಟಿತು. ಸುಮಿತ್ರಾ ಅತ್ತೆಯ ಟ್ರಂಕಿಗೆ ಸೀರೆಗಳನ್ನು ಮಡಚಿಡುತ್ತಿದ್ದಳು. ಕೌದಿಯಲ್ಲಿ ಒಂದು ಮೂಲೆ ಖಾಲಿ ಉಳಿದಿತ್ತು. ಅದು ಗಾಳಿಯ ಜಾಗ. ಕಣ್ಣಿಗೆ ಕಾಣದ್ದನ್ನು ಯಾವ ಬಟ್ಟೆಯಲ್ಲಿ ಕತ್ತರಿಸುವುದು? ಅಕ್ಕಮ್ಮ ಬಿಟ್ಟುಬಿಟ್ಟಿದ್ದಳು.

ಮುಸ್ಸಂಜೆಗೆ ಒಗೆದ ಬಟ್ಟೆ ತರಲೆಂದು ಅಕ್ಕಮ್ಮ ತಾರಸಿ ಹತ್ತಿದಳು. ಹಿಂದೆಯೇ ಪುಟ್ಟ ಹೆಜ್ಜೆಗಳು ಬಂದದ್ದು ಕೇಳಿಸಿತು, ತಿರುಗಿ ನೋಡಲಿಲ್ಲ. ಮೈಗೆ ಅಂಟುವ ಸೆಕೆ. ಹಗ್ಗದ ಮೇಲಿನ ದುಪ್ಪಟಿಗಳು ಉಸಿರು ಬಿಗಿ ಹಿಡಿದಂತೆ ನಿಂತಿದ್ದವು. ಸಮುದ್ರ, ಆಕಾಶ ಎರಡಕ್ಕೂ ಒಂದೇ ಬಣ್ಣ ಬಂದಿತ್ತು. ಯಾವುದರಲ್ಲಿ ದೋಣಿ ತೇಲುತ್ತಿದೆ, ಯಾವುದರಲ್ಲಿ ಹಕ್ಕಿ, ಹೇಳಲು ಬರುವಂತಿರಲಿಲ್ಲ. ಅದರೊಳಗಿಂದ ಚಂದಪ್ಪ ಎದ್ದ. ದೊಡ್ಡವನು, ಈಗಷ್ಟೇ ಮಿಂದವನಂತೆ. ಮೇಲೇರುತ್ತ ಏರುತ್ತ ಬಂದರಿನ ಒಂದು ಕ್ರೇನಿನ ಹಿಂದೆ ಬಂದ. ಅವನ ಕೆಳಗೆ ಬಿಳಿ ಮೋಡದ ಒಂದು ಎಳೆ ಜೋತಿತ್ತು. ಆ ಎಳೆ ಕ್ರೇನಿನ ಕೊಕ್ಕೆಗೆ ಸುತ್ತಿಕೊಂಡ ಹಾಗೆ ಕಂಡಿತು.

ಅಕ್ಕಮ್ಮನ ಸೆರಗನ್ನು ಯಾರೋ ಜಗ್ಗಿದರು.

"ಆಯಿ." ಪದ್ಮಾ ಕ್ರೇನಿನ ಕಡೆ ಬೆರಳು ಮಾಡಿದಳು. "ಆಯಿ, ಚಂದಪ್ಪ ಇರುಕ್ಕುಪೋಯಾಡು. ಧೋತರ ಸಿಕ್ಕೊಂತು, ಅಗೋ. ಕ್ರೇನ್ ಬಿಡವಲ್ದು."

ಅಕ್ಕಮ್ಮ ಆ ಬೆರಳಿನ ಗುರಿ ಹಿಡಿದು ನೋಡಿದಳು.

"ಕತಿ ಹೇಳು. ಜಲ್ದಿ ಹೇಳು, ಆಯಿ."

ಅಕ್ಕಮ್ಮ ಅಲ್ಲೇ ತಾರಸಿಯ ಬಿಸಿ ನೆಲದ ಮೇಲೆ ಕೂತಳು. ಹುಡುಗಿ ಮಡಿಲಿಗೆ ಬಂತು, ಕಣ್ಣು ಮಾತ್ರ ಚಂದಪ್ಪನ ಮೇಲೆ. "ಬಿಡೋ ಕ್ರೇನೇ ಅಂದ. ಆಡು ಬಂದು ತಿಂದ್ರ ಬಿಡ್ತೀನಿ ಅಂತು. ಆಡು ಅಂತು, ಕೊಳ್ಳಾಗ ಹಗ್ಗ ಐತಿ. ಹಗ್ಗ ಅಂತು, ಇಲಿ ಬರ್ಲಿ. ಇಲಿ ಅಂತು…" ಎದೆ ತುಂಬಿಬಂದು, ಜನ್ಮದಲ್ಲಿ ಮೊದಲ ಸಲ ಅವಳಿಗೆ ಕತೆಯ ಎಳೆ ತಪ್ಪಿತು.

"ಕಾಳು," ಎಂದಳು ಪದ್ಮಾ. "ಕಾಳು ಹೊಟ್ಟಿನಾಗ ಐತಿ. ಗಾಳಿ ಬಾಯಾಗ ಐತಿ."

"ಯಾರ ಬಾಯಾಗವ್ವಾ?"

ಪದ್ಮಾ ಕೆನ್ನೆ ಉಬ್ಬಿಸಿದಳು. ಸಮುದ್ರದ ಕಡೆ ಮುಖ ಮಾಡಿ, ಹೊಟ್ಟೆಯೊಳಗಿನ ಉಸಿರನ್ನೆಲ್ಲ ಎಳೆದು ತೆಗೆದು ಅಂದಳು, "ಹೂಂ…"

ಹಗ್ಗದ ತುದಿಯ ದುಪ್ಪಟಿ ಮೊದಲು ಮಿಸುಕಿತು. ಅದರ ಪಕ್ಕದ್ದು ಹೊಟ್ಟೆ ಉಬ್ಬಿಸಿತು. ದಿನವೆಲ್ಲ ಎಲ್ಲಿ ಮಲಗಿತ್ತೋ ಏನೋ, ಸಮುದ್ರದ ಗಾಳಿ ಎದ್ದು ಬಂದು ಅಜ್ಜಿ ಮೊಮ್ಮಗಳಿಬ್ಬರ ಕೂದಲನ್ನೂ ಒಟ್ಟಿಗೆ ಕೆದರಿತು.

"ಗಾಳಿ ಬೀಸಿತು, ಕಾಳು ತೋರಿತು," ಎಂದಳು ಅಕ್ಕಮ್ಮ.

"ಹೂಂ."

"ಕಾಳು ತೋರಿತು, ಇಲಿ ಎದ್ದಿತು."

"ಹೂಂ."

"ಇಲಿ ಎದ್ದಿತು, ಹಗ್ಗ ಹರಿಯಿತು."

"ಊ," ಎಂದಿತು ಬೆನ್ನ ಹಿಂದಿನಿಂದ ಇನ್ನೊಂದು ದನಿ.

ಮೆಟ್ಟಿಲ ಬಾಯಲ್ಲಿ ಕೋಟೇಶ್ವರಮ್ಮ ನಿಂತಿದ್ದಳು. ಆಗಷ್ಟೇ ರೈಲಿಳಿದು ಬಂದವಳು. ಸೊಂಟದ ಮೇಲೆ ವಿಜಯವಾಡದ ಮಾವಿನಹಣ್ಣಿನ ಬುಟ್ಟಿ, ಮೈಮೇಲೆ ಪ್ರಯಾಣದಲ್ಲಿ ನಲುಗಿದ ನೀಲಿ ಸೀರೆ. ಪದ್ಮಾ ಅವಳ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಕೋಟೇಶ್ವರಮ್ಮನ ಮುಖ ನೋಡಿ ಅಕ್ಕಮ್ಮನಿಗೆ ಗೆದ್ದ ಖುಷಿ ಬರಬೇಕಿತ್ತು. ಬರಲಿಲ್ಲ. ಹೆಸರಿಲ್ಲದೆ ನಿಲ್ಲುವುದು ಹೇಗಿರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸರಿದು ಜಾಗ ಮಾಡಿ ನೆಲ ತಟ್ಟಿದಳು. "ಬರ್ರಿ, ಕುಂಡ್ರಿ. ಚಂದಪ್ಪ ಇನ್ನೂ ಬಿಟ್ಟಿಲ್ಲ."

"ನೇನು ಅಟು ವೆಳ್ಳಗಾನೇ ನಾ ಪಿಲ್ಲನಿ ಲಾಗೇಸುಕುನ್ನಾರು," ಎಂದು ಕೋಟೇಶ್ವರಮ್ಮ ಗೊಣಗಿದಳು. ನಾನು ಅತ್ತ ಹೋದದ್ದೇ ತಡ, ನನ್ನ ಹುಡುಗಿಯನ್ನು ಕಿತ್ತುಕೊಂಡಿರಲ್ಲ ಎಂದು. ಗೊಣಗುತ್ತಲೇ ಬುಟ್ಟಿ ಇಳಿಸಿ ಕೂತಳು. "ತರ್ವಾತ ಏಮಯಿಂದಿ?"

ಆಮೇಲೇನಾಯಿತು ಎಂಬ ಪ್ರಶ್ನೆ ಯಾವ ಭಾಷೆಯಲ್ಲಿದ್ದರೂ ಕತೆ ಹೇಳುವವರಿಗೆ ತಿಳಿಯುತ್ತದೆ. ಹಗ್ಗ ಹರಿಯಿತು, ಆಡು ಬಂದಿತು. ಒಂದು ಹೂಂ, ಒಂದು ಊ. ಆಡು ಬಂದಿತು, ಕ್ರೇನು ಬಿಟ್ಟಿತು. ಮೋಡದ ಎಳೆ ಕೊಕ್ಕೆಯಿಂದ ಜಾರಿ ಬಿಚ್ಚಿಕೊಂಡಿತು. ಚಂದಪ್ಪ ಧೋತರ ಎತ್ತಿ ಕಟ್ಟಿಕೊಂಡು ತಣ್ಣಗೆ ಮೇಲಕ್ಕೆ ಹೊರಟ.

ಮರುದಿನ ರೈಲಿನ ಹೊತ್ತಿಗೆ ಮುಂಚೆ ಕೋಟೇಶ್ವರಮ್ಮ ಆ ನೀಲಿ ಸೀರೆಯ ಸೆರಗಿನಿಂದ ಒಂದು ತುಂಡು ಹರಿದು ತಂದಳು. ಕೌದಿಯ ಖಾಲಿ ಮೂಲೆ ಅವಳ ಕಣ್ಣಿಗೂ ಬಿದ್ದಿತ್ತು. ಅಕ್ಕಮ್ಮ ಅದನ್ನು ಕೌದಿಯ ಖಾಲಿ ಮೂಲೆಗೆ ಇಟ್ಟು, ಮೂರು ಬದಿ ಹೊಲಿದು, ನಾಲ್ಕನೆಯದನ್ನು ಹಾಗೇ ಬಿಟ್ಟಳು. ಗಾಳಿ ಅಲ್ಲವೇ, ಎದ್ದು ಓಡಾಡಬೇಕು. ಪಕ್ಕದಲ್ಲಿ ದಾರದ ಉಂಡೆ ಹಿಡಿದು ಕೂತ ಪದ್ಮಾ ಸೂಜಿ ಒಳಗೆ ಹೋದಾಗೊಮ್ಮೆ ಹೊರಗೆ ಬಂದಾಗೊಮ್ಮೆ, ಕತೆ ಇಲ್ಲದಿದ್ದರೂ, ಹೂಂ ಅನ್ನುತ್ತಲೇ ಇದ್ದಳು.